ಫಿಲ್ಟರ್ ತೂಗಿ ನೋಡಿ: ಬ್ಯಾಗ್‌ಲೆಸ್ ವ್ಯಾಕ್ಯೂಮ್ ಕ್ಲೀನರ್ ಪ್ರಶ್ನೋತ್ತರ

ಈ ಸಲದ ಅಂಕಣ ಪೂರ್ತಿ ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರ್‌ಗಳಿಗೆ ಮೀಸಲು. ಹಳೆಯ ಯಂತ್ರಗಳನ್ನು ಕೂಡಿಹಾಕುವವರು, ಒಂದರ ಪಕ್ಕ ಒಂದಿಟ್ಟು ಅಳೆದು ನೋಡುವವರು ಕಳಿಸಿದ ಪ್ರಶ್ನೆಗಳಲ್ಲಿ ಒಂದೇ ಬಗೆಯವನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ನನ್ನಲ್ಲಿ ಬೇರೆ ಬೇರೆ ಕಾಲದ ಆರು ಯಂತ್ರಗಳಿವೆ. ಒಂದರ ಮೇಲೆ 1,800 ವ್ಯಾಟ್, ಇನ್ನೊಂದರ ಮೇಲೆ 700 ವ್ಯಾಟ್ ಎಂದಿದೆ. ಕೆಲವದರ ಪೆಟ್ಟಿಗೆಯಲ್ಲಿ ಕಿಲೋಪ್ಯಾಸ್ಕಲ್, ಕೆಲವದರಲ್ಲಿ ಏರ್‌ವ್ಯಾಟ್. ಇವನ್ನು ಹೋಲಿಸುವುದು ಹೇಗೆ?

ಮೊದಲು ವ್ಯಾಟ್ ಮರೆತುಬಿಡಿ. ಅದು ಯಂತ್ರ ಎಷ್ಟು ಕರೆಂಟ್ ತಿನ್ನುತ್ತದೆ ಎಂಬ ಲೆಕ್ಕ, ಎಷ್ಟು ಕೆಲಸ ಮಾಡುತ್ತದೆ ಎಂಬುದಲ್ಲ. 700 ವ್ಯಾಟ್‌ನ ಒಳ್ಳೆಯ ಮೋಟಾರು ಹಳೆಯ 1,400 ವ್ಯಾಟ್‌ನದಕ್ಕೆ ಸರಿಸಮ ಗಾಳಿ ಎಳೆಯುವುದು ಅಪರೂಪವೇನಲ್ಲ.

ಅಳೆಯಬೇಕಾದವು ಎರಡು. ಒಂದು, ಪೈಪಿನ ಬಾಯಿ ಪೂರ್ತಿ ಮುಚ್ಚಿದಾಗ ಒಳಗೆ ಹುಟ್ಟುವ ಒತ್ತಡದ ಇಳಿತ. ಇದು ಕಿಲೋಪ್ಯಾಸ್ಕಲ್ ಲೆಕ್ಕ. ಎರಡು, ಬಾಯಿ ತೆರೆದಿದ್ದಾಗ ಸೆಕೆಂಡಿಗೆ ಹರಿಯುವ ಗಾಳಿ. ಇದು ಲೀಟರ್ ಲೆಕ್ಕ. ಒಂದೇ ಸ್ಥಿತಿಯಲ್ಲಿ ಅಳೆದ ಕಿಲೋಪ್ಯಾಸ್ಕಲ್ ಮತ್ತು ಸೆಕೆಂಡಿಗೆ ಲೀಟರ್ ಇವೆರಡನ್ನು ಗುಣಿಸಿದರೆ ಸಿಗುವುದೇ ಏರ್‌ವ್ಯಾಟ್. 12 ಕಿಲೋಪ್ಯಾಸ್ಕಲ್ ಇದ್ದಾಗ 20 ಲೀಟರ್ ಹರಿದರೆ 240 ಏರ್‌ವ್ಯಾಟ್. ಅಮೆರಿಕದ ಹಳೆಯ ಕ್ಯಾಟಲಾಗ್‌ಗಳಲ್ಲಿ ಒತ್ತಡಕ್ಕೆ ನೀರಿನ ಇಂಚು, ಹರಿವಿಗೆ ನಿಮಿಷಕ್ಕೆ ಘನ ಅಡಿ ಇರುತ್ತವೆ. ಅವೆರಡನ್ನು ಗುಣಿಸಿ 8.5ರಿಂದ ಭಾಗಿಸಿದರೆ ಉತ್ತರ ಅದೇ.

ಮೋಸ ನಡೆಯುವ ಜಾಗ ಇಲ್ಲಿದೆ. ಬಾಯಿ ಮುಚ್ಚಿದಾಗ ಒತ್ತಡ ಗರಿಷ್ಠ, ಹರಿವು ಸೊನ್ನೆ. ತೆರೆದಾಗ ಹರಿವು ಗರಿಷ್ಠ, ಒತ್ತಡ ಹೆಚ್ಚುಕಡಿಮೆ ಸೊನ್ನೆ. ಎರಡೂ ಗರಿಷ್ಠಗಳು ಒಟ್ಟಿಗೆ ಎಂದೂ ಸಿಗುವುದಿಲ್ಲ. 20 ಕಿಲೋಪ್ಯಾಸ್ಕಲ್, 32 ಲೀಟರ್ ಎಂದು ಬರೆದಿರುವ ಯಂತ್ರಕ್ಕೆ 640 ಏರ್‌ವ್ಯಾಟ್ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದರ ನಿಜವಾದ ಗರಿಷ್ಠ ಇದರ ನಾಲ್ಕನೇ ಒಂದು ಭಾಗದ, ಅಂದರೆ 160ರ, ಆಸುಪಾಸಿನಲ್ಲಿರುತ್ತದೆ.

ಒತ್ತಡ ಅಳೆಯಲು 0ಯಿಂದ 30 ಕಿಲೋಪ್ಯಾಸ್ಕಲ್‌ವರೆಗಿನ ವ್ಯಾಕ್ಯೂಮ್ ಗೇಜ್ ಸಾಕು. ದಪ್ಪ ರಬ್ಬರ್ ಹಾಳೆಗೆ ತೂತು ಕೊರೆದು ಗೇಜ್ ಕೂರಿಸಿ, ಪೈಪಿನ ಬಾಯಿಗೆ ಅದನ್ನು ಒತ್ತಿ ಹಿಡಿಯಿರಿ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಬೇಡ. ಮೋಟಾರು ತಂಪಾಗುವುದು ಅದೇ ಗಾಳಿಯಿಂದ.

ಹರಿವಿಗೆ ಗಾಳಿವೇಗ ಅಳೆಯುವ ಫ್ಯಾನ್ ಮೀಟರ್ ಬೇಕು. ಅದನ್ನು ಹೋಸ್‌ನ ಬಾಯಿಗೇ ಹಿಡಿದರೆ ಮೀಟರೇ ಅಡ್ಡವಾಗಿ ಅಂಕಿ ಕೆಡುತ್ತದೆ. 100 ಮಿ.ಮೀ. ಒಳವ್ಯಾಸದ, ಒಂದು ಮೀಟರ್ ಉದ್ದದ ಪಿವಿಸಿ ಪೈಪ್ ತನ್ನಿ. ಒಂದು ತುದಿಯನ್ನು ಹಲಗೆಯಿಂದ ಮುಚ್ಚಿ, ಅದರ ನಡುವಿನ ತೂತಿಗೆ ಹೋಸ್ ಸಿಕ್ಕಿಸಿ, ಸಂದುಗಳಿಗೆ ಟೇಪ್ ಸುತ್ತಿ. ಇನ್ನೊಂದು ತೆರೆದ ತುದಿಯಲ್ಲಿ ನಡುವೆ, ಅಂಚಿನಲ್ಲಿ, ಅವೆರಡರ ಮಧ್ಯದಲ್ಲಿ ವೇಗ ಅಳೆದು ಸರಾಸರಿ ತೆಗೆಯಿರಿ. ಈ ಪೈಪಿನ ಅಡ್ಡಕೊಯ್ತ 78.5 ಚದರ ಸೆಂ.ಮೀ. ಹಾಗಾಗಿ ಸೆಕೆಂಡಿಗೆ 3.2 ಮೀಟರ್ ವೇಗ ಬಂದರೆ ಹರಿವು ಸುಮಾರು 25 ಲೀಟರ್. ಪ್ರತಿ ಸಲವೂ ಪ್ಲಗ್ಗಿನ ವೋಲ್ಟೇಜ್ ಎಷ್ಟಿತ್ತು ಎಂದು ಬರೆದಿಡಿ. ವೋಲ್ಟೇಜ್ ಇಳಿದ ಹೊತ್ತಿನಲ್ಲಿ ಅಳೆದ ಯಂತ್ರ ಸುಮ್ಮನೆ ಸೋತಂತೆ ಕಾಣುತ್ತದೆ.

ಇಷ್ಟೆಲ್ಲ ಅಳೆದರೂ ಬ್ಯಾಗ್‌ಲೆಸ್ ಯಂತ್ರದ ಅರ್ಧ ಗುಣ ಮಾತ್ರ ತಿಳಿದಂತಾಯಿತು. ಉಳಿದರ್ಧ ಮುಂದಿನ ಪ್ರಶ್ನೆಯಲ್ಲಿದೆ, ನಮ್ಮ ದೃಷ್ಟಿಯಲ್ಲಿ ಅದೇ ದೊಡ್ಡದು.

ಪ್ರಶ್ನೆ: ಸೈಕ್ಲೋನ್ ನಿಜಕ್ಕೂ ಚೆನ್ನಾಗಿ ದೂಳು ಬೇರ್ಪಡಿಸುತ್ತಿದೆಯೇ ಎಂದು ಮನೆಯಲ್ಲೇ ಪರೀಕ್ಷಿಸಬಹುದೇ?

ಬಹುದು. ಮೋಟಾರಿನ ಮುಂದಿರುವ ಫಿಲ್ಟರನ್ನು ತೂಗಿ ನೋಡಬೇಕು, ಅಷ್ಟೇ. ಸೈಕ್ಲೋನ್ ಎಂದರೆ ಗಾಳಿಯನ್ನು ಸುಳಿಯಂತೆ ಸುತ್ತಿಸಿ ದೂಳು ಬೇರ್ಪಡಿಸುವ ಭಾಗ. ಅದು ತನ್ನ ಕೆಲಸ ಮಾಡಿದ್ದರೆ ದೂಳು ಡಬ್ಬಿಯಲ್ಲಿರುತ್ತದೆ, ಮಾಡಿರದಿದ್ದರೆ ಫಿಲ್ಟರ್‌ನಲ್ಲಿರುತ್ತದೆ. ಇದಕ್ಕಿಂತ ನೇರವಾದ ಅಳತೆ ಇಲ್ಲ.

ಬೇಕಾದವು: 0.01 ಗ್ರಾಂ ತೋರಿಸುವ ತಕ್ಕಡಿ (ಫಿಲ್ಟರ್‌ಗೆ), 0.1 ಗ್ರಾಂ ತೋರಿಸುವ ಇನ್ನೊಂದು (ಡಬ್ಬಿಗೆ), ಮತ್ತು ಪರೀಕ್ಷೆಯ ದೂಳು. ದೂಳಿಗೆ ಪ್ರಯೋಗಾಲಯಗಳಲ್ಲಿ ಗೊತ್ತುಪಡಿಸಿದ ಖನಿಜ ಪುಡಿ ಬಳಸುತ್ತಾರೆ. ಮನೆಯಲ್ಲಿ 60 ಗ್ರಾಂ ಸಣ್ಣ ಜರಡಿ ಹಿಡಿದ ಒಣ ಮರಳು, 30 ಗ್ರಾಂ ಅಡುಗೆ ಸೋಡಾ, 10 ಗ್ರಾಂ ಕಾರ್ನ್‌ಫ್ಲೋರ್ ಕಲಸಿಕೊಳ್ಳಿ. ಮರಳನ್ನು ಯಾವ ಸೈಕ್ಲೋನ್ ಆದರೂ ಹಿಡಿಯುತ್ತದೆ. ಕಾರ್ನ್‌ಫ್ಲೋರ್ ಕಣ ಸುಮಾರು 15 ಮೈಕ್ರಾನ್. ಯಂತ್ರಗಳ ನಡುವಿನ ವ್ಯತ್ಯಾಸ ಬಯಲಾಗುವುದು ಅದರಲ್ಲೇ.

ಫಿಲ್ಟರ್ ತೊಳೆದು ಪೂರ್ತಿ ಒಣಗಿಸಿ, ಪರೀಕ್ಷೆ ಮಾಡುವ ಕೋಣೆಯಲ್ಲೇ ಒಂದು ರಾತ್ರಿ ಇಡಿ. ಸ್ಪಂಜು, ಕಾಗದ ಎರಡೂ ಗಾಳಿಯ ತೇವ ಹೀರುತ್ತವೆ. ಈ ಹಂತ ಬಿಟ್ಟರೆ ನೀವು ದೂಳಿನ ಬದಲು ತೇವ ತೂಗಿದಂತೆ. ಮರುದಿನ ಫಿಲ್ಟರ್, ಖಾಲಿ ಡಬ್ಬಿ ಎರಡನ್ನೂ ತೂಗಿ ಬರೆದಿಡಿ. ನಯವಾದ ತಟ್ಟೆಯ ಮೇಲೆ ಪುಡಿ ಹರಡಿ, ನಿಮಿಷಕ್ಕೆ 20 ಗ್ರಾಂನಂತೆ ನಿಧಾನವಾಗಿ ಎಳೆಸಿ. ಒಮ್ಮೆಲೇ ಸುರಿದರೆ ಸೈಕ್ಲೋನಿನ ಬಾಯಿ ಕಟ್ಟಿ ಫಲಿತಾಂಶ ಕೆಡುತ್ತದೆ, ಹಿಟ್ಟಿನಂಥ ಪುಡಿಯ ದಟ್ಟ ಮೋಡಕ್ಕೆ ಬೆಂಕಿ ಹೊತ್ತುವ ಅಪಾಯವೂ ಇದೆ. ಪುಡಿ ಮುಗಿದ ಮೇಲೆ ಇನ್ನೊಂದು ನಿಮಿಷ ಬರಿ ಗಾಳಿ ಎಳೆಯಲು ಬಿಟ್ಟು, ಆರಿಸಿ, ತೂಗಿ.

ಉದಾಹರಣೆಗೆ 100 ಗ್ರಾಂ ಹಾಕಿದಾಗ ಡಬ್ಬಿಯ ತೂಕ 98.1 ಗ್ರಾಂ, ಫಿಲ್ಟರ್‌ನದು 0.6 ಗ್ರಾಂ ಏರಿತು ಎನ್ನೋಣ. ಉಳಿದ 1.3 ಗ್ರಾಂ ಹೋಸ್‌ನ ಮಡಿಕೆಗಳಲ್ಲಿ, ಸೈಕ್ಲೋನಿನ ಶಂಕುಗಳ (ಕೋನ್‌ಗಳ) ಒಳಗೋಡೆಯಲ್ಲಿ ಅಂಟಿಕೊಂಡಿದೆ. ಮೊದಲ ಸುತ್ತಿನಲ್ಲಿ ಹೀಗೆ ಅಂಟುವುದು ಜಾಸ್ತಿ. ಆದ್ದರಿಂದ ಮೂರು ಸುತ್ತು ಮಾಡಿ ಕೊನೆಯ ಎರಡರ ಸರಾಸರಿ ಹಿಡಿಯಿರಿ. ನಿಮ್ಮ ಪಟ್ಟಿಗೆ ಸೇರಬೇಕಾದ ಅಂಕಿ “ನೂರು ಗ್ರಾಂಗೆ ಫಿಲ್ಟರ್ ತಲುಪಿದ್ದು ಇಷ್ಟು” ಎಂಬುದು.

ಇದನ್ನೇ ಇನ್ನೆರಡು ಸ್ಥಿತಿಗಳಲ್ಲಿ ಮಾಡಿ. ಡಬ್ಬಿಯನ್ನು ಮ್ಯಾಕ್ಸ್ ಗೆರೆಯವರೆಗೆ ತುಂಬಿಸಿಟ್ಟು ಒಮ್ಮೆ, ನಳಿಗೆಯ ಬಾಯಿ ಅರ್ಧ ಮುಚ್ಚಿ ಇನ್ನೊಮ್ಮೆ. ಖಾಲಿ ಡಬ್ಬಿಯಲ್ಲಿ ಸರಿಸಮವಾಗಿ ಕಂಡ ಯಂತ್ರಗಳು ಇಲ್ಲಿ ದೂರ ದೂರ ಸರಿಯುತ್ತವೆ. ತುಂಬಿದ ಡಬ್ಬಿಯಲ್ಲಿ ಸುಳಿಗಾಳಿಯ ಬಾಲ ಕೆಳಗಿನ ದೂಳನ್ನು ಮತ್ತೆ ಎಬ್ಬಿಸುತ್ತದೆ. ಅರ್ಧ ಮುಚ್ಚಿದಾಗ ಗಾಳಿಯ ವೇಗ ತಗ್ಗಿ, ಕಣಗಳನ್ನು ಗೋಡೆಗೆ ತಳ್ಳುವ ಬಲ ಕಡಿಮೆಯಾಗುತ್ತದೆ. ಬ್ಯಾಗ್‌ಲೆಸ್ ಯಂತ್ರ ಹಾಳಾಗುವ ದಾರಿಯೂ ಇದೇ: ಫಿಲ್ಟರ್ ಸ್ವಲ್ಪ ಕಟ್ಟಿತು, ಹರಿವು ತಗ್ಗಿತು, ಸೈಕ್ಲೋನ್ ಇನ್ನಷ್ಟು ದೂಳು ಬಿಟ್ಟಿತು, ಫಿಲ್ಟರ್ ಇನ್ನೂ ಬೇಗ ಕಟ್ಟಿತು.

ಪ್ರಶ್ನೆ: ಒಂದರಲ್ಲಿ 8 ಕೋನ್, ಇನ್ನೊಂದರಲ್ಲಿ 24. ಹೆಚ್ಚು ಇದ್ದಷ್ಟೂ ಒಳ್ಳೆಯದೇ?

ತತ್ತ್ವ ಸರಿ, ಆದರೆ ಎಣಿಕೆಯೇ ಪುರಾವೆಯಲ್ಲ. ಸುತ್ತುವ ಕಣದ ಮೇಲಿನ ಬಲ ವೇಗದ ವರ್ಗಕ್ಕೆ ಏರುತ್ತದೆ, ಸುತ್ತಿನ ತ್ರಿಜ್ಯಕ್ಕೆ ಇಳಿಯುತ್ತದೆ. ಗಾಳಿ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ 5 ಸೆಂ.ಮೀ. ತ್ರಿಜ್ಯದಲ್ಲಿ ಸುತ್ತಿದರೆ ಕಣದ ಮೇಲೆ ಭೂಗುರುತ್ವದ ಸುಮಾರು 460 ಪಟ್ಟು ಬಲ. ಅದೇ ವೇಗ, 1.5 ಸೆಂ.ಮೀ. ತ್ರಿಜ್ಯವಾದರೆ ಸುಮಾರು 1,500 ಪಟ್ಟು. ನವಿರು ದೂಳಿಗೆ ಸಣ್ಣ ಕೋನ್ ಬೇಕು ಎನ್ನುವುದು ಇದಕ್ಕೇ. ಸಣ್ಣದರಲ್ಲಿ ಗಾಳಿ ಸಾಲದು, ಹಾಗಾಗಿ ಹಲವನ್ನು ಪಕ್ಕಪಕ್ಕ ಇಡುತ್ತಾರೆ.

ಆದರೆ ಕೋನ್ ಸಣ್ಣದಾದಷ್ಟೂ ತುದಿಯ ತೂತು ಸಣ್ಣದಾಗಿ, ತೇವದ ದೂಳಿಗೂ ಕೂದಲಿಗೂ ಬೇಗ ಕಟ್ಟಿಕೊಳ್ಳುತ್ತದೆ. ಒಂದು ಕಟ್ಟಿದರೆ ಅದರ ಪಾಲಿನ ದೂಳು ನೇರ ಫಿಲ್ಟರ್‌ಗೆ. ಗಾಳಿ ಎಲ್ಲ ಕೋನ್‌ಗಳಿಗೂ ಸಮನಾಗಿ ಹಂಚಿಕೆಯಾಗದಿದ್ದರೆ ಒಂದರ ತುದಿಯಿಂದ ಇನ್ನೊಂದಕ್ಕೆ ಹಿಮ್ಮುಖ ಹರಿವು ಉಂಟಾಗುತ್ತದೆ. ಚೆನ್ನಾಗಿ ಮಾಡಿದ 8 ಕೋನ್ ಯಂತ್ರ ಅವಸರದಲ್ಲಿ ಮಾಡಿದ 24ರದನ್ನು ಸೋಲಿಸಬಲ್ಲದು. ಎಣಿಸಬೇಡಿ, ತೂಗಿ.

ಪ್ರಶ್ನೆ: ಹಳೆಯ ಯಂತ್ರವೊಂದು ಸಿಕ್ಕಿದೆ. ಮೋಟಾರು ಸದ್ದು ಚೆನ್ನಾಗಿದೆ, ಆದರೆ ಎಳೆತ ಇಲ್ಲ. ಎಲ್ಲಿಂದ ಹುಡುಕಬೇಕು?

ಬಿಚ್ಚುವ ಮೊದಲು ಅಳೆಯಿರಿ. ಇಲ್ಲಿ ಒಂದು ಸರಳ ಸೂತ್ರ ಕೆಲಸಕ್ಕೆ ಬರುತ್ತದೆ: ಒತ್ತಡ ಕಡಿಮೆ ಬಂದರೆ ಸೋರಿಕೆ ಅಥವಾ ಮೋಟಾರು, ಒತ್ತಡ ಸರಿಯಿದ್ದು ಹರಿವು ಮಾತ್ರ ಕಡಿಮೆ ಬಂದರೆ ಅಡಚಣೆ. ಬಾಯಿ ಮುಚ್ಚಿದಾಗ ಗಾಳಿ ಹರಿಯುವುದೇ ಇಲ್ಲ. ಆದ್ದರಿಂದ ಅರೆಬರೆ ಅಡಚಣೆ ಗೇಜಿನಲ್ಲಿ ಕಾಣದು, ಸೋರಿಕೆ ಮಾತ್ರ ಕಾಣುತ್ತದೆ. ವಿದ್ಯುತ್‌ನಿಂದ ನೇರ ಓಡುವ ಯಂತ್ರಗಳಲ್ಲಿ ಸಾಮಾನ್ಯವಾಗಿ 18ರಿಂದ 25 ಕಿಲೋಪ್ಯಾಸ್ಕಲ್ ನಿರೀಕ್ಷಿಸಬಹುದು.

ಗೇಜನ್ನು ಮೊದಲು ಹೋಸ್ ತೆಗೆದು ಯಂತ್ರದ ಬಾಯಿಗೆ, ಆಮೇಲೆ ಹೋಸ್ ಹಾಕಿ ಅದರ ತುದಿಗೆ, ಕೊನೆಗೆ ಉದ್ದನೆಯ ಪೈಪಿನ ತುದಿಗೆ ಹಿಡಿಯಿರಿ. ಯಾವ ಭಾಗ ಸೇರಿಸಿದಾಗ ಅಂಕಿ ಕುಸಿಯುತ್ತದೋ ಆ ಭಾಗದಲ್ಲೇ ಸೋರಿಕೆ. ಹೋಸ್ ಸಾಮಾನ್ಯವಾಗಿ ಸೀಳುವುದು ಎರಡು ತುದಿಗಳ ಕಾಲರಿನ ಹತ್ತಿರ. ಯಂತ್ರದ ಒಳಗಿನ ಸೋರಿಕೆಗೆ, ಬಾಯಿ ಮುಚ್ಚಿ ಓಡಿಸುತ್ತಾ ತೆಳು ಟಿಶ್ಯೂ ಕಾಗದದ ಪಟ್ಟಿಯನ್ನು ಸಂದುಗಳ ಮೇಲೆ ಸರಿಸಿ. ಅದು ಒಳಕ್ಕೆ ಎಳೆದುಕೊಂಡ ಕಡೆ ಗ್ಯಾಸ್ಕೆಟ್ (ಸಂದು ಮುಚ್ಚುವ ರಬ್ಬರ್ ಪಟ್ಟಿ) ಸತ್ತಿದೆ. ಗಟ್ಟಿಯಾಗದ ಗ್ಯಾಸ್ಕೆಟ್ ಆಗಿದ್ದರೆ ಒರೆಸಿ ಸಿಲಿಕೋನ್ ಗ್ರೀಸ್ ಸವರಿದರೆ ಸಾಕು. ಪೆಟ್ರೋಲಿಯಂ ಜೆಲ್ಲಿ ಬೇಡ, ಹಲವು ಬಗೆಯ ರಬ್ಬರ್ ಅದರಿಂದ ಉಬ್ಬುತ್ತದೆ.

ಅಡಚಣೆಯಾದರೆ ಹುಡುಕುವ ಕ್ರಮ: ನೆಲದ ಬ್ರಷ್‌ನ ಕುತ್ತಿಗೆ, ಪೈಪಿನ ಬಾಗು, ಡಬ್ಬಿಗೆ ಗಾಳಿ ಹೋಗುವ ಓರೆ ಬಾಯಿ, ಡಬ್ಬಿಯ ನಡುವಿನ ಜಾಲರಿ, ಮುಂದಿನ ಫಿಲ್ಟರ್, ಹಿಂದಿನ ಫಿಲ್ಟರ್. ಕೊನೆಯದನ್ನು ಮರೆಯುವವರೇ ಹೆಚ್ಚು. ಮೋಟಾರಿನ ಹಿಂದಿನ, ಅತಿ ನವಿರು ದೂಳು ಹಿಡಿಯುವ ಹೆಪಾ ಫಿಲ್ಟರ್ ಕಾರ್ಬನ್ ಬ್ರಷ್‌ನ (ಮೋಟಾರಿನ ಸುತ್ತುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಇಂಗಾಲದ ತುಂಡು) ಕಪ್ಪು ಪುಡಿಯಿಂದ ಕಟ್ಟಿರುತ್ತದೆ, ಹೊರಗಿನಿಂದ ನೋಡಿದರೆ ಶುಭ್ರವಾಗಿ ಕಾಣುತ್ತದೆ. ಅದನ್ನು ತೆಗೆದು ಕೆಲವು ಸೆಕೆಂಡು ಓಡಿಸಿ ಹರಿವು ಅಳೆದರೆ ಗೊತ್ತಾಗುತ್ತದೆ.

ಎರಡು ಅಳತೆಯೂ ಸರಿಯಿದ್ದು ಫಿಲ್ಟರ್ ಮಾತ್ರ ವಿಪರೀತ ಬೇಗ ಕಟ್ಟುತ್ತಿದ್ದರೆ ದೋಷ ಒಳಗಿನ ಸೀಲ್‌ನಲ್ಲಿದೆ. ಕೋನ್‌ಗಳಿಂದ ಉದುರುವ ನವಿರು ದೂಳಿಗೆ ಡಬ್ಬಿಯ ನಡುವೆ ಪ್ರತ್ಯೇಕ ಕೊಳವೆ ಇರುತ್ತದೆ. ಅದು ಡಬ್ಬಿಯ ತಳದ ರಬ್ಬರ್ ಉಂಗುರದ ಮೇಲೆ ಕೂರಬೇಕು. ಉಂಗುರ ಹರಿದರೆ ಅಥವಾ ಅಲ್ಲಿ ಕೂದಲೊಂದು ಸಿಕ್ಕಿದರೆ ಗಾಳಿ ಕೆಳಗಿನಿಂದ ಕೋನ್‌ಗಳೊಳಕ್ಕೆ ನುಗ್ಗಿ ಬಿದ್ದ ದೂಳನ್ನು ಮೇಲಕ್ಕೆ ಒಯ್ಯುತ್ತದೆ. ಈ ಸೋರಿಕೆ ಯಂತ್ರದ ಒಳಗಿಂದೊಳಗೇ ಆಗುವುದರಿಂದ ಗೇಜ್ ತಪ್ಪು ತೋರಿಸುವುದಿಲ್ಲ, ಟಿಶ್ಯೂ ಅಲುಗುವುದಿಲ್ಲ. ಫಿಲ್ಟರ್ ತೂಗಿದವರಿಗೆ ಮಾತ್ರ ಸಿಕ್ಕಿಬೀಳುತ್ತದೆ.

ಪ್ರಶ್ನೆ: ಮೋಟಾರಿನಲ್ಲಿ ಕಿಡಿ, ಸುಟ್ಟ ವಾಸನೆ. ಮೋಟಾರೇ ಬದಲಿಸಬೇಕೇ?

ಪ್ಲಗ್ ಕಿತ್ತು, ಕಾರ್ಬನ್ ಬ್ರಷ್‌ಗಳನ್ನು ಹೊರತೆಗೆದು ನೋಡಿ. ಉದ್ದ 6-7 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ, ಒಂದನ್ನೇ ಬದಲಿಸಬೇಡಿ. ಬ್ರಷ್ ಉಜ್ಜುವ ತಾಮ್ರದ ಪಟ್ಟಿಗಳ ಉರುಳೆ, ಅಂದರೆ ಕಮ್ಯುಟೇಟರ್, ಸಮನಾದ ಕಂದು ಬಣ್ಣದಲ್ಲಿದ್ದರೆ ಚೆನ್ನಾಗಿದೆ ಎಂದರ್ಥ. ಒಂದೆರಡು ಪಟ್ಟಿಗಳು ಮಾತ್ರ ಸುಟ್ಟು ಕಪ್ಪಾಗಿದ್ದರೆ ಸುರುಳಿ ಹೋಗಿದೆ, ಬ್ರಷ್ ಹಾಕಿ ಪ್ರಯೋಜನವಿಲ್ಲ. ಹೊಸ ಬ್ರಷ್ ತುದಿ ಕಮ್ಯುಟೇಟರಿನ ದುಂಡಿಗೆ ಹೊಂದಿಕೊಳ್ಳುವವರೆಗೆ ಸ್ವಲ್ಪ ಕಿಡಿ ಸಹಜ. ವೋಲ್ಟೇಜ್ ಏರಿಳಿಸುವ ವೇರಿಯಾಕ್ ಇದ್ದರೆ ಅರ್ಧ ವೋಲ್ಟೇಜಿನಲ್ಲಿ ಅರ್ಧ ಗಂಟೆ ಓಡಿಸಿ ಕೂರಿಸಿಕೊಳ್ಳಿ.

ಕಿರುಚುವ ಸದ್ದಾದರೆ ಬೇರಿಂಗ್. ಇಂಥ ಹಲವು ಮೋಟಾರುಗಳಲ್ಲಿ 608 ಗಾತ್ರದ್ದು ಇರುತ್ತದೆ: ಒಳವ್ಯಾಸ 8, ಹೊರವ್ಯಾಸ 22, ದಪ್ಪ 7 ಮಿ.ಮೀ. ಗಾತ್ರವೊಂದೇ ನೋಡಿ ಕೊಳ್ಳಬೇಡಿ. ಈ ಮೋಟಾರುಗಳು ನಿಮಿಷಕ್ಕೆ 30,000 ಸುತ್ತು ಮೀರುತ್ತವೆ. ಆ ವೇಗ ತಾಳುವ, ದೂಳು ತಡೆಯುವ ಮುಚ್ಚಳವಿರುವ ಬೇರಿಂಗ್ ಬೇಕು.

ಪ್ರಶ್ನೆ: ಫಿಲ್ಟರ್ ತೊಳೆದ ಮೇಲೆ ಮುಗ್ಗಲು ವಾಸನೆ ಬರುತ್ತಿದೆ. ಹತ್ತು ನಿಮಿಷಕ್ಕೆ ಯಂತ್ರ ತಾನೇ ನಿಲ್ಲುತ್ತದೆ.

ಎರಡಕ್ಕೂ ಕಾರಣ ಒಂದೇ, ಒಣಗದ ಫಿಲ್ಟರ್. ಒದ್ದೆ ಸ್ಪಂಜಿನಲ್ಲಿ ಗಾಳಿ ಹಾಯುವುದಿಲ್ಲ, ಮೋಟಾರು ಕಾದು ಒಳಗಿನ ಉಷ್ಣ ಸ್ವಿಚ್ ಕಡಿದುಕೊಳ್ಳುತ್ತದೆ. ಒಂದು ಗಂಟೆ ಆರಲು ಬಿಟ್ಟರೆ ಮತ್ತೆ ಓಡುತ್ತದೆ. ತಣ್ಣೀರಿನಲ್ಲಿ ಸೋಪಿಲ್ಲದೆ, ಹಿಂಡಿದ ನೀರು ತಿಳಿಯಾಗುವವರೆಗೆ ತೊಳೆದು, ಗಾಳಿಯಾಡುವ ಕಡೆ ಕನಿಷ್ಠ 24 ಗಂಟೆ ಒಣಗಿಸಿ. ಮಳೆಗಾಲದ ತೇವದಲ್ಲಿ ಎರಡು ದಿನ. ಡ್ರೈಯರ್, ಮೈಕ್ರೋವೇವ್ ಬೇಡ. ಎರಡು ಫಿಲ್ಟರ್ ಇಟ್ಟುಕೊಂಡು ಸರದಿಯಲ್ಲಿ ಬಳಸಿದರೆ ಈ ತಾಪತ್ರಯವೇ ಇಲ್ಲ.

ಕೋನ್‌ಗಳಿರುವ ಭಾಗವನ್ನು ನೀರಿಗೆ ಹಾಕಬೇಡಿ. ಒಳಗೆ ನಿಂತ ನೀರು ದಿನಗಟ್ಟಲೆ ಆರದೆ, ಮುಂದಿನ ದೂಳು ಅದಕ್ಕೆ ಅಂಟಿ ಗಾರೆಯಾಗುತ್ತದೆ. ಒಣ ಬ್ರಷ್ಷಿನಿಂದ ತಟ್ಟಿ ಉದುರಿಸುವುದೇ ಸರಿ.

ಪ್ರಶ್ನೆ: ಗೋಡೆ ಉಜ್ಜಿದ ಪುಡಿ, ಪ್ರಿಂಟರ್ ಟೋನರ್ ಎಳೆಸಬಹುದೇ?

ಬೇಡ. ಪ್ಲಾಸ್ಟರ್ ಪುಡಿಯ ನವಿರು ಭಾಗ ಸೈಕ್ಲೋನನ್ನು ದಾಟಿ ಫಿಲ್ಟರ್ ಮೇಲೆ ಪದರ ಕಟ್ಟುತ್ತದೆ. ಟೋನರ್ ಕೂಡ ತೀರ ನವಿರು, ಮೋಟಾರಿನ ಬಿಸಿಗೆ ಕರಗಿ ಅಂಟುವ ಜಾತಿ. ಸಂಗ್ರಹದ ಯಂತ್ರಕ್ಕಂತೂ ಮುಟ್ಟಿಸಲೇಬೇಡಿ.

ಪ್ರಶ್ನೆ: ಸಂಗ್ರಹ ಶುರುಮಾಡುವವರು ಯಾವ ಯಂತ್ರಗಳನ್ನು ಗುರುತಿಟ್ಟುಕೊಳ್ಳಬೇಕು?

“ಬ್ಯಾಗ್‌ಲೆಸ್” ಎಂಬ ಒಂದೇ ಹಣೆಪಟ್ಟಿಯಡಿ ಬೇರೆ ಬೇರೆ ತತ್ತ್ವದ ಯಂತ್ರಗಳಿವೆ. ಸಂಗ್ರಹವನ್ನು ಕಂಪನಿವಾರು ಜೋಡಿಸುವುದಕ್ಕಿಂತ ತತ್ತ್ವವಾರು ಜೋಡಿಸಿದರೆ ಅದಕ್ಕೊಂದು ಅರ್ಥ ಬರುತ್ತದೆ.

ಸುಳಿಗಾಳಿಯಿಂದ ದೂಳು ಬೇರ್ಪಡಿಸುವುದು ಕಾರ್ಖಾನೆಗಳಲ್ಲಿ 19ನೇ ಶತಮಾನದ ಕೊನೆಯಿಂದಲೇ ಇದೆ. ಮರ ಕೊಯ್ಯುವ ಮಿಲ್‌ಗಳ ಮೇಲೆ ನಿಂತ ದೊಡ್ಡ ಶಂಕುಗಳು ಅವೇ. ಮನೆಯ ಯಂತ್ರಗಳಲ್ಲಿ ಅಮೆರಿಕದ ಫಿಲ್ಟರ್ ಕ್ವೀನ್ ಡಬ್ಬಿಯೊಳಗೆ ಗಾಳಿಯನ್ನು ಸುತ್ತಿಸಿ, ಮೇಲೆ ಕಾಗದದ ಶಂಕು ಫಿಲ್ಟರ್ ಇಟ್ಟಿತ್ತು. ಅದೇ ದೇಶದ ರೇನ್‌ಬೋ ದೂಳನ್ನು ನೀರಿನಲ್ಲಿ ಮುಳುಗಿಸುತ್ತದೆ. ಎರಡೂ ಚೀಲವಿಲ್ಲದವೇ, ಇಂದಿನ ಬಹುಕೋನ್ ಯಂತ್ರಗಳ ದಾಯಾದಿಗಳು.

ಬ್ರಿಟನ್ನಿನ ಆವಿಷ್ಕಾರಕ ಜೇಮ್ಸ್ ಡೈಸನ್ ಅವರ ಸಾಲು ಬೇರೆಯೇ. ಅವರೇ ಹೇಳಿಕೊಂಡಿರುವ ಲೆಕ್ಕದಂತೆ 5,127 ಮಾದರಿಗಳ ನಂತರ ಯಂತ್ರ ಸಿದ್ಧವಾಯಿತು. 1986ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಗುಲಾಬಿ ಬಣ್ಣದ ಜಿ-ಫೋರ್ಸ್ ಸಂಗ್ರಹಕಾರರ ಕಣ್ಣಿನಲ್ಲಿ ದೊಡ್ಡ ಬೇಟೆ. 1993ರ ಡಿಸಿ01 ಹೊರಗೊಂದು ಅಗಲ ಸುಳಿ, ಒಳಗೊಂದು ಕೋನ್ ಇರುವ ಜೋಡಿ ಸೈಕ್ಲೋನ್. ನೆಲದ ಮೇಲೆ ಎಳೆದಾಡುವ ಮಾದರಿ ಡಿಸಿ02 ಬಂದದ್ದು 1995ರಲ್ಲಿ. 2001ರ ಡಿಸಿ07ರಲ್ಲಿ ಒಳಗಿನ ಒಂಟಿ ಕೋನ್ ಹೋಗಿ ಹಲವು ಸಣ್ಣ ಕೋನ್‌ಗಳು ಬಂದವು. ಡಿಸಿ01 ಮತ್ತು ಡಿಸಿ07 ಎರಡನ್ನು ಪಕ್ಕದಲ್ಲಿಟ್ಟು ಕಾರ್ನ್‌ಫ್ಲೋರ್ ಪರೀಕ್ಷೆ ಮಾಡುವುದು ಸಂಗ್ರಹಕಾರರು ತಪ್ಪಿಸಿಕೊಳ್ಳಬಾರದ ಹೋಲಿಕೆ. ಒಂದು ಕೋನ್ ಹಲವಾದದ್ದರಿಂದ ಏನಾಯಿತು ಎಂಬುದು ತಕ್ಕಡಿಯಲ್ಲೇ ಕಾಣುತ್ತದೆ.

ಇವುಗಳ ಎದುರಾಳಿಗಳನ್ನು ಬಿಡಬೇಡಿ. ಹೂವರ್‌ನ ಟ್ರಿಪಲ್ ವೋರ್ಟೆಕ್ಸ್ ಡೈಸನ್ ಪೇಟೆಂಟನ್ನು ಉಲ್ಲಂಘಿಸಿದೆ ಎಂದು 2000ದಲ್ಲಿ ಬ್ರಿಟನ್ನಿನ ನ್ಯಾಯಾಲಯ ತೀರ್ಪಿತ್ತಿತು. ಆ ಕಾರಣಕ್ಕೇ ಆ ಯಂತ್ರಕ್ಕೊಂದು ಚರಿತ್ರೆ ಇದೆ. ಉತ್ತರ ಅಮೆರಿಕದ ಫ್ಯಾಂಟಮ್ ಡೈಸನ್ ತಂತ್ರವನ್ನು ಪರವಾನಗಿ ಪಡೆದು ಬಳಸಿತು. ಎಲ್‌ಜಿಯ ಕಂಪ್ರೆಸರ್ ಸಾಲಿನಲ್ಲಿ ಡಬ್ಬಿಯೊಳಗಿನ ಹಲಗೆ ದೂಳನ್ನು ಒತ್ತಿ ಉಂಡೆ ಮಾಡುತ್ತದೆ. ಚೀಲದ ಯಂತ್ರಗಳಿಗೇ ಹೆಸರಾದ ಮೀಲೆ ಕೂಡ ಬ್ಲಿಝರ್ಡ್ ಸಿಎಕ್ಸ್1 ತಂದಿತು.

ಸೈಕ್ಲೋನೇ ಇಲ್ಲದೆ, ಡಬ್ಬಿಯೊಳಗೆ ಮಡಿಕೆ ಫಿಲ್ಟರ್ ಒಂದನ್ನಿಟ್ಟು ಬ್ಯಾಗ್‌ಲೆಸ್ ಎಂದು ಮಾರಿದ ಅಗ್ಗದ ಯಂತ್ರಗಳೂ ಹೇರಳ. ಡಬ್ಬಿ ತೆರೆದ ಕೂಡಲೇ ದೂಳು ಮೆತ್ತಿದ ಫಿಲ್ಟರ್ ಕಂಡರೆ ಅದು ಈ ಪಂಗಡ. ಹೋಲಿಕೆಯ ಪಟ್ಟಿಯಲ್ಲಿ ಇವನ್ನು ಬೇರೆ ಕಾಲಂನಲ್ಲಿ ಬರೆಯಿರಿ.

ಪ್ರಶ್ನೆ: ಜಪಾನಿನಿಂದ ಬಂದ ಯಂತ್ರದ ಮೇಲೆ 100 ವೋಲ್ಟ್, 50/60 ಹರ್ಟ್ಸ್ ಎಂದಿದೆ. 230 ವೋಲ್ಟ್‌ಗೆ ಹಾಕಬಹುದೇ?

ನೇರವಾಗಿ ಹಾಕಿದರೆ ಕೆಲವೇ ಕ್ಷಣಗಳಲ್ಲಿ ಮೋಟಾರು ಹೋಗುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು, 1,000 ವ್ಯಾಟ್ ಯಂತ್ರಕ್ಕೆ 1,500 ವಿಎ ಸಾಮರ್ಥ್ಯದ್ದು, ಏಕೆಂದರೆ ಆರಂಭದ ಎಳೆತ ಹೆಚ್ಚು. ಬ್ರಷ್ ಇರುವ ಮೋಟಾರಿಗೆ ಹರ್ಟ್ಸ್ ವ್ಯತ್ಯಾಸ ಲೆಕ್ಕಕ್ಕಿಲ್ಲ. 110 ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರಿನಲ್ಲಿ ಓಡಿಸಿ ಅಳೆದರೆ ಶೇ 10ರಷ್ಟು ಹೆಚ್ಚಿನ ವೋಲ್ಟೇಜಿನ ಲಾಭ ಅದಕ್ಕೆ ಸಿಗುತ್ತದೆ. ಹೋಲಿಕೆಗೆ 100 ಅಂದರೆ 100 ಇರಲಿ.

ಪ್ರಶ್ನೆ: ಲೇಬಲ್ ಹರಿದಿದೆ. ತಯಾರಾದ ವರ್ಷ ಗೊತ್ತುಮಾಡುವುದು ಹೇಗೆ?

ಪ್ಲಾಸ್ಟಿಕ್ ಭಾಗಗಳ ಒಳಮೈ ನೋಡಿ. ಅಚ್ಚಿನಲ್ಲೇ ಮೂಡಿದ ಸಣ್ಣ ವೃತ್ತ ಇರುತ್ತದೆ: ಸುತ್ತ 1ರಿಂದ 12 ಅಂಕಿ, ನಡುವೆ ವರ್ಷದ ಎರಡು ಅಂಕಿ, ತಿಂಗಳಿಗೆ ತೋರುವ ಬಾಣ. ಅದು ಆ ಭಾಗ ಎರಕವಾದ ತಿಂಗಳು. ಮೋಟಾರಿನ ಚೌಕಟ್ಟಿನ ಮೇಲೆ, ಕೆಪಾಸಿಟರ್ ಮೇಲೆ ವಾರ-ವರ್ಷದ ಸಂಕೇತ ಇರುವುದೂ ಉಂಟು. ಇವುಗಳಲ್ಲಿ ಎಲ್ಲಕ್ಕಿಂತ ತಡದ ದಿನಾಂಕ ಯಾವುದೋ ಯಂತ್ರ ಅದಕ್ಕಿಂತ ಹಿಂದಿನದಾಗಿರಲಾರದು. ಒಂದು ಭಾಗ ಮಾತ್ರ ನಾಲ್ಕೈದು ವರ್ಷ ಈಚಿನದಾಗಿದ್ದರೆ ಅದು ಬದಲಿಸಿದ ಭಾಗ. ಮಾರುವವರು “ಪೂರ್ತಿ ಒರಿಜಿನಲ್” ಎಂದಾಗ ಡಬ್ಬಿ, ಕೋನ್, ಮೋಟಾರು ಮುಚ್ಚಳ ಈ ಮೂರರ ವೃತ್ತಗಳ ಫೋಟೋ ಕೇಳಿ.

ಪ್ರಶ್ನೆ: ಹಳೆಯ ಕ್ಯಾಟಲಾಗ್‌ಗಳಲ್ಲಿ ಯುರೋಪಿನ ವಿದ್ಯುತ್ ದಕ್ಷತೆಯ ‘ಎ’ ದರ್ಜೆಯ ಲೇಬಲ್ ಕಾಣುತ್ತದೆ. ಹೋಲಿಕೆಗೆ ಅದನ್ನು ಬಳಸಬಹುದೇ?

ಎಚ್ಚರದಿಂದ. ಯುರೋಪಿಯನ್ ಒಕ್ಕೂಟ 2014ರ ಸೆಪ್ಟೆಂಬರ್‌ನಲ್ಲಿ ಆ ಲೇಬಲ್ ತಂದಿತು, ಜೊತೆಗೆ 1,600 ವ್ಯಾಟ್ ಮಿತಿಯನ್ನೂ ಹಾಕಿತು. 2017ರ ಸೆಪ್ಟೆಂಬರ್‌ನಿಂದ ಮಿತಿ 900 ವ್ಯಾಟ್, ಸದ್ದಿಗೆ 80 ಡೆಸಿಬಲ್. ಆದರೆ ಲೇಬಲ್‌ನ ಪರೀಕ್ಷೆ ನಡೆಯುತ್ತಿದ್ದುದು ಖಾಲಿ ಚೀಲ, ಖಾಲಿ ಡಬ್ಬಿಯಲ್ಲಿ. ಇದನ್ನು ಡೈಸನ್ ಕಂಪನಿ ಪ್ರಶ್ನಿಸಿತು, 2018ರ ನವೆಂಬರ್‌ನಲ್ಲಿ ಒಕ್ಕೂಟದ ಜನರಲ್ ಕೋರ್ಟ್ ಲೇಬಲ್ ನಿಯಮವನ್ನು ರದ್ದುಮಾಡಿತು. 2019ರ ಜನವರಿಯಿಂದ ಲೇಬಲ್ ಇಲ್ಲ; ವ್ಯಾಟ್ ಮಿತಿ ಉಳಿಯಿತು. ದೂಳು ತುಂಬುತ್ತಾ ಹೋದಂತೆ ಯಂತ್ರ ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ನಿಮಗೆ ಬೇಕಾದದ್ದು, ಆ ಲೇಬಲ್ ಹೇಳದೆ ಬಿಟ್ಟದ್ದೂ ಅದನ್ನೇ.

ಪ್ರಶ್ನೆ: ಹಳದಿಗಟ್ಟಿದ ಮೈ, ಮಂಕಾದ ಪಾರದರ್ಶಕ ಡಬ್ಬಿ. ಹೊಳಪು ತರುವುದು ಹೇಗೆ?

ಡಬ್ಬಿ ಸಾಮಾನ್ಯವಾಗಿ ಪಾಲಿಕಾರ್ಬೊನೇಟ್. ಅದಕ್ಕೆ ಉಗುರುಬೆಚ್ಚನೆ ನೀರು, ಎರಡು ಹನಿ ಪಾತ್ರೆ ತೊಳೆಯುವ ದ್ರಾವಣ, ಮೆತ್ತನೆ ಬಟ್ಟೆ, ಇಷ್ಟೇ. ಥಿನ್ನರ್, ಅಸಿಟೋನ್ ಸೋಕಿದರೆ ತಿರುಪು ಇರುವ ಮೂಲೆಗಳಿಂದ ಕೂದಲೆಳೆ ಬಿರುಕು ಹರಡುತ್ತದೆ. ಸಣ್ಣ ಗೀರಿಗೆ ಪ್ಲಾಸ್ಟಿಕ್ ಪಾಲಿಶ್ ಹಾಕಬಹುದು, ಆದರೆ ಆಳದ ಗೀರಿನ ಹಿಂದೆ ಬೀಳಬೇಡಿ.

ತಿಳಿ ಬಣ್ಣದ ಎಬಿಎಸ್ (ಮೈಗೆ ಬಳಸುವ ಗಟ್ಟಿ ಪ್ಲಾಸ್ಟಿಕ್) ಭಾಗಗಳು ಹಳದಿಯಾಗುವುದು ಮುಖ್ಯವಾಗಿ ಬಿಸಿಲಿನಿಂದ. ಶೇ 12ರ ಹೈಡ್ರೋಜನ್ ಪೆರಾಕ್ಸೈಡ್ ಕ್ರೀಮ್ ಸಮನಾಗಿ ಸವರಿ, ತೆಳು ಪ್ಲಾಸ್ಟಿಕ್ ಸುತ್ತಿ, ನೇರಳಾತೀತ ಬೆಳಕಿನಲ್ಲಿಟ್ಟರೆ ಬಣ್ಣ ಮರಳುತ್ತದೆ. ಗಂಟೆಗೊಮ್ಮೆ ಕ್ರೀಮ್ ಕದಡದಿದ್ದರೆ ಮಚ್ಚೆ ಮಚ್ಚೆಯಾಗುತ್ತದೆ. ಕೈಗವಸು, ಕನ್ನಡಕ ಕಡ್ಡಾಯ. ಬಣ್ಣ ಬೆರೆಸಿ ಎರಕ ಹೊಯ್ದ ಭಾಗಗಳು ಮಂಕಾಗುವ ಅಪಾಯವಿದೆ, ಬಿಳುಪಾದದ್ದು ಕೆಲ ವರ್ಷಕ್ಕೆ ಮತ್ತೆ ಹಳದಿಗೆ ತಿರುಗುವುದೂ ಉಂಟು. ಅಪರೂಪದ ಯಂತ್ರವಾಗಿದ್ದರೆ ಹಳದಿಯನ್ನು ಹಾಗೇ ಬಿಡುವುದೇ ಲೇಸು.

ಪ್ರಶ್ನೆ: ವರ್ಷಗಟ್ಟಲೆ ಇಡುವ ಮುನ್ನ ಏನೇನು ಮಾಡಬೇಕು?

ಬ್ರಷ್‌ಬಾರಿನ (ನೆಲ ಉಜ್ಜುವ ಸುತ್ತುವ ಉರುಳೆ) ಬೆಲ್ಟ್ ಬಿಚ್ಚಿಡಿ. ಬಿಗಿದೇ ಬಿಟ್ಟರೆ ಅದೇ ಆಕಾರಕ್ಕೆ ಗಟ್ಟಿಯಾಗಿ ಮುಂದೆ ಜಾರುತ್ತದೆ. ಸ್ಪಂಜು ಫಿಲ್ಟರುಗಳನ್ನು ಹೊರತೆಗೆದು ಬೇರೆ ಲಕೋಟೆಯಲ್ಲಿಡಿ. ಕಾಲಾಂತರದಲ್ಲಿ ಪಾಲಿಯುರೆಥೇನ್ ಸ್ಪಂಜು ಗಾಳಿಯ ತೇವದಿಂದ ಪುಡಿಯಾಗುತ್ತದೆ, ಯಂತ್ರದೊಳಗೇ ಇದ್ದರೆ ಮೊದಲ ಸಲ ಓಡಿಸಿದಾಗ ಆ ಪುಡಿ ಮೋಟಾರು ಸೇರುತ್ತದೆ. ಹಳೆಯ ಯಂತ್ರ ಕೊಂಡಾಗ ಸ್ವಿಚ್ ಹಾಕುವ ಮೊದಲು ಫಿಲ್ಟರನ್ನು ಬೆರಳಲ್ಲಿ ಒತ್ತಿ ನೋಡಬೇಕೆನ್ನುವುದೂ ಇದಕ್ಕೇ.

ವೈರನ್ನು ಯಂತ್ರದ ಮೈಗೆ ಬಿಗಿಯಾಗಿ ಸುತ್ತಿಡಬೇಡಿ. ಪಿವಿಸಿಯನ್ನು ಮೆತ್ತಗಿಡುವ ಎಣ್ಣೆಯಂಥ ಪದಾರ್ಥ ಎಬಿಎಸ್ ಒಳಕ್ಕೆ ಇಳಿದು, ಕರಗಿಸಿ ಗೆರೆ ಕೊರೆಯುತ್ತದೆ. ಆ ಗುರುತು ಹೋಗುವುದಿಲ್ಲ. ನಡುವೆ ಹತ್ತಿಬಟ್ಟೆ ಇರಲಿ. ಹೋಸ್ ಮಡಚದೆ ನೇತುಹಾಕಿ.

ಕಾರ್ಡ್‌ಲೆಸ್ ಯಂತ್ರದ ಬ್ಯಾಟರಿಯನ್ನು 40ರಿಂದ 60 ಶೇಕಡಾ ಚಾರ್ಜಿನಲ್ಲಿ, ಯಂತ್ರದಿಂದ ಬೇರ್ಪಡಿಸಿ, ತಂಪಾದ ಒಣ ಜಾಗದಲ್ಲಿಡಿ, ಮೂರು ನಾಲ್ಕು ತಿಂಗಳಿಗೊಮ್ಮೆ ನೋಡಿ. ಆರು ಲಿಥಿಯಂ ಸೆಲ್‌ಗಳ 21.6 ವೋಲ್ಟ್ ಪ್ಯಾಕ್ 15 ವೋಲ್ಟ್‌ಗಿಂತ ಕೆಳಗೆ ಇಳಿದಿದ್ದರೆ, ಅಥವಾ ಕವಚ ಉಬ್ಬಿದ್ದರೆ, ಚಾರ್ಜ್ ಮಾಡುವ ಸಾಹಸ ಬೇಡ. ಸೆಲ್ ಒಳಗೇ ಕೆಟ್ಟಿರುತ್ತದೆ, ಬೆಂಕಿ ಹೊತ್ತಬಹುದು. ಖಾಲಿ ಕವಚವನ್ನು ಸಂಗ್ರಹಕ್ಕೆ ಉಳಿಸಿಕೊಂಡು ಸೆಲ್‌ಗಳನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.